ಒಳಗೆ ನಿಂತು ಹಾಕಿದ ಗುರುತು

ಹಳೇ ಮನೆ ಬಿಚ್ಚುವುದು ನನ್ನ ಕೆಲಸ. ಕೆಡವುವುದಲ್ಲ, ಬಿಚ್ಚುವುದು. ಈ ವ್ಯತ್ಯಾಸ ಗೊತ್ತಿಲ್ಲದವರ ಹತ್ತಿರ ನಾನು ಹೆಚ್ಚು ಮಾತಾಡುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮರದ ಮನೆ ಇಳಿಸಬೇಕೆಂದರೆ ನನಗೇ ಫೋನು ಬರುತ್ತದೆ. ಬೆಣೆ ತೆಗೆದು, ಕಂಬ ಮಲಗಿಸಿ, ತುಂಡು ತುಂಡಿಗೂ ಗುರುತು ಹಾಕಿ ಕೊಟ್ಟರೆ ಇನ್ನೊಂದು ಊರಿನಲ್ಲಿ ಹಾಗೆಯೇ ಎಬ್ಬಿಸಿ ನಿಲ್ಲಿಸಬಹುದು. ಅಜ್ಜ ಕಟ್ಟುತ್ತಿದ್ದರು, ನಾನು ಬಿಚ್ಚುತ್ತೇನೆ. ಹಣೆಬರಹ, ಏನು ಮಾಡುವುದು.

ರಸ್ತೆ ಅಗಲ ಮಾಡುವವರ ಕೆಂಪು ಗೆರೆ ಶಿರಸಿ ಪೇಟೆಯಲ್ಲಿ ಚಾಚಾ ಅವರ ಮನೆಗೂ ಬಿತ್ತು. ಚಾಚಾ ನನ್ನ ಅಪ್ಪನ ಸ್ನೇಹಿತರು. ಲಾರಿ ಇಟ್ಟುಕೊಂಡು ಘಟ್ಟದ ಕೆಳಗೆ ಮೆಣಸು, ಏಲಕ್ಕಿ ಸಾಗಿಸುತ್ತಿದ್ದವರು. ಅವರದು ಕೆಳಗೆ ಅಂಗಡಿ, ಮೇಲೆ ವಾಸ. ಬೀದಿಯ ಕಡೆಯ ಮುಖವೆಲ್ಲ ಮರ: ನಾಲ್ಕು ಕಂಬ, ನಡುವೆ ಜೋಡಿ ಬಾಗಿಲು, ಮೇಲೆ ಕೆತ್ತಿದ ಕಟಾಂಜನ. ಕೆತ್ತಿದವರು ನನ್ನ ಅಜ್ಜ. ಬೀದಿಯಿಂದ ನೋಡಿದರೆ ಎಡತುದಿಯ ಕಂಬ ಒಂದು ಕಡೆ ನುಣ್ಣಗೆ ಸವೆದು ಗುಳಿ ಬಿದ್ದಿತ್ತು. ಚಾಚಾ ಅವರ ಅಪ್ಪ, ಅವರಾದ ಮೇಲೆ ಚಾಚಾ, ಜಗಲಿಯಲ್ಲಿ ಅದಕ್ಕೇ ಬೆನ್ನು ಕೊಟ್ಟು ಕೂತು ವ್ಯಾಪಾರ ಮಾಡಿದ್ದರು.

ಆ ಹೊತ್ತಿಗೆ ಗಂಟುಬಿದ್ದವರು ಒಬ್ಬ ಇಂಜಿನಿಯರ್ರು. ದಕ್ಷಿಣದ ಒಂದು ಹಳೇ ಬಂದರಿನಲ್ಲಿ ಹಡಗಿನ ಕಾಲದ ಕೇರಿಯೊಂದನ್ನು ರಿಪೇರಿ ಮಾಡಿಸುತ್ತಿದ್ದರು. ಆ ಊರಿನ ಹೆಸರು ಹೇಳುವುದಿಲ್ಲ, ಹೇಳಿದರೆ ನನಗೆ ಇವತ್ತಿನ ಊಟ ಸೇರುವುದಿಲ್ಲ. ನನ್ನನ್ನು ಗುರುಗಳೇ ಅನ್ನುತ್ತಿದ್ದರು. ಮನೆಗೆ ಬಂದು ನೆಲದ ಮೇಲೆ ಕೂತು ತೊಡದೇವು ತಿಂದರು. ಅಜ್ಜನ ಉಳಿ ತೋರಿಸಿದರೆ ಕಣ್ಣಿಗೆ ಒತ್ತಿಕೊಂಡರು. ನಾನು ಹಳ್ಳಕ್ಕೆ ಬಿದ್ದದ್ದು ಅಲ್ಲೇ.

"ಅಲ್ಲಿ ಒಂದು ಮನೆಯ ಮುಂಭಾಗ ಪೂರ್ತಿ ಹೋಗಿದೆ ಗುರುಗಳೇ, ಆ ಪೇಟೆ ಮನೆಯ ಮುಖವನ್ನು ಅಲ್ಲಿ ನಿಲ್ಲಿಸೋಣ. ಎಲ್ಲಿಂದ ಬಂತು, ಯಾರ ಮನೆ, ಯಾರು ಕೆತ್ತಿದ್ದು, ಎಲ್ಲ ಬೋರ್ಡಿನಲ್ಲಿ ಬರೆಸ್ತೇನೆ" ಅಂದರು.

ಹೋಟೆಲಿನವರು, ಹಳೇ ಸಾಮಾನಿನ ವ್ಯಾಪಾರಿಗಳು ಆಗಲೇ ಚಾಚಾ ಅವರ ಬಾಗಿಲು ಬಡಿದಿದ್ದರು. ಅವರು ಯಾರಿಗೂ ಜಗ್ಗಿರಲಿಲ್ಲ. ನಾನು ಹೋಗಿ ಹೇಳಿದಾಗ, "ಬೋರ್ಡು ಇರ್ತದಲ್ಲ? ನಮ್ಮ ಪೇಟೆ ಹೆಸರು?" ಎಂದು ಎರಡು ಸಲ ಕೇಳಿದರು. "ಇರ್ತದೆ ಚಾಚಾ, ನಾನಿದ್ದೇನಲ್ಲ" ಅಂದೆ. ಒಂದು ರೂಪಾಯಿ ಮುಟ್ಟದೆ ಕೊಟ್ಟುಬಿಟ್ಟರು.

ಬಿಚ್ಚುವಾಗ ಗುರುತು ಹಾಕುವುದಕ್ಕೆ ನಮ್ಮಲ್ಲೊಂದು ಕ್ರಮ ಇದೆ. ದೇವರ ಕೋಣೆಗೆ ಬೆನ್ನು, ಬೀದಿಗೆ ಮುಖ. ಸಾಬರ ಮನೆಯಾದರೂ ಹಾಗೇ, ಒಳಗೆ ನಿಂತು ಹೊರಗೆ ನೋಡಬೇಕು. ಎಡ ಬಲ ಎಲ್ಲ ಮನೆಯವರ ಎಡ ಬಲ. ಹಾಗೇ ಕಂಬಗಳಿಗೆ ಬಲದಿಂದ ಗೀಟು ಕೊರೆದೆ: ಒಂದು, ಎರಡು, ಮೂರು, ನಾಲ್ಕು. ಪಟ್ಟಿಯಲ್ಲಿ 'ಬಲದಿಂದ' ಎಂದಷ್ಟೇ ಬರೆದುಕೊಟ್ಟೆ. ಯಾರ ಬಲ ಎಂದು ಬಿಡಿಸಿ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಮನೆಯನ್ನು ಮೊದಲು ಬೀದಿಯಿಂದ ನೋಡುವ ಜನ ಇರುತ್ತಾರೆಂದು ಯಾರಿಗೆ ಗೊತ್ತು.

ವರ್ಷ ಕಳೆಯಿತು, ಇಂಜಿನಿಯರ್ರ ಕರೆ ಇಲ್ಲ. ಚಾಚಾ ಸಿಕ್ಕಾಗಲೆಲ್ಲ ಬೋರ್ಡಿನ ವಿಷಯ ತೆಗೆಯುತ್ತಿದ್ದರು. ಕೊನೆಗೆ ಇಬ್ಬರೂ ಬಸ್ಸು ಹತ್ತಿ ಘಟ್ಟ ಇಳಿದೆವು.

ಕೇರಿ ಚೆನ್ನಾಗಿಯೇ ಇದೆ, ಸುಳ್ಳು ಯಾಕೆ ಹೇಳಲಿ. ಚಿರೆಕಲ್ಲಿನ ದಪ್ಪ ಗೋಡೆ, ಮೇಲೆ ಸುಣ್ಣದ ಗಾರೆ, ಕಡಲಗಾಳಿ ಒಳಗೆ ಬರಲಿ ಬಿಸಿಲು ಬಾರದಿರಲಿ ಎಂದು ಓರೆ ಹಲಗೆಯ ಕಿಟಕಿ. ಎಲ್ಲ ಮನೆಗೂ ಕೆಳಗೆ ಗೋದಾಮು, ಮೇಲೆ ವಾಸ. ಓಣಿ ಯಾವುದೇ ಇರಲಿ, ನೀರಿಗೇ ಹೋಗಿ ನಿಲ್ಲುತ್ತದೆ. ನಮ್ಮ ಮೆಣಸು ಎತ್ತಿನ ಗಾಡಿಯಲ್ಲಿ ಇಳಿದು, ಕರಾವಳಿಯಲ್ಲಿ ದೋಣಿ ಹತ್ತಿ, ಇಂಥ ಗೋದಾಮುಗಳಲ್ಲೇ ರಾಶಿ ಬಿದ್ದು ಹಡಗು ಸೇರಿದ್ದು ಎಂದು ಚಾಚಾ ದಾರಿಯುದ್ದಕ್ಕೂ ಹೇಳುತ್ತಿದ್ದರು. ಮುಖ ಅರಳಿತ್ತು.

ಅವರು ಮೂಲೆಯಲ್ಲಿ ಚಹಾ ಕುಡಿಯುವಾಗ ನಾನು ಮುಂದೆ ಹೋದೆ. ಕಂಡಿತು. ಕಂಬಗಳೆಲ್ಲ ಅದಲುಬದಲು. ನನ್ನ ಗುರುತನ್ನು ಬೀದಿಯಿಂದ ಓದಿದ್ದಾರೆ, ಎಡತುದಿಯದು ಬಲತುದಿಗೆ ಹೋಗಿದೆ. ಪಕ್ಕದಲ್ಲಿ ಇಂಗ್ಲಿಷ್ ಬೋರ್ಡು. ಓದಿದೆ, ಮತ್ತೊಮ್ಮೆ ಓದಿದೆ. ಊರು ನೋಡಲು ಬಂದವರಿಗೆ ಗೈಡೊಬ್ಬ ಆ ಗುಳಿ ತೋರಿಸಿ ಇಂಗ್ಲಿಷಿನಲ್ಲಿ ಕತೆ ಹೇಳುತ್ತಿದ್ದ: ಹಡಗಿನವರು ಹಗ್ಗ ಬಿಗಿದು ಬಿಗಿದು ಸವೆದದ್ದಂತೆ. ನನ್ನ ಮೈ ಉರಿದುಹೋಯಿತು.

ಇಂಜಿನಿಯರ್ರಿಗೆ ಫೋನು ಮಾಡಿದೆ. "ಅಯ್ಯೋ ಆಚಾರ್ರೆ, ಈ ಊರಿಗೆ ಮರ ಬಂದದ್ದೇ ನಿಮ್ಮ ಕಡೆಯಿಂದ ಅಲ್ವಾ? ಒಂದು ಬೋರ್ಡಿಗೆ ಯಾಕೆ ತಲೆ ಕೆಡಿಸ್ಕೊಳ್ತೀರಿ. ಬಂದವರಿಗೆ ಇಲ್ಲಿಯ ಕತೆ ಬೇಕು." ಗುರುಗಳೇ ಅನ್ನುವುದು ಯಾವಾಗಲೋ ಬಿಟ್ಟಿದ್ದರು.

ಫೋನಿಟ್ಟು ತಿರುಗಿದರೆ ಚಾಚಾ ಬಂದಾಗಿತ್ತು. ಸೀದಾ ಎಡತುದಿಯ ಕಂಬದ ಹತ್ತಿರ ಹೋಗಿ ಅಂಗೈಯಿಂದ ಸವರಿದರು. ಗುಳಿ ಇಲ್ಲ. ಮತ್ತೆ ಸವರಿದರು. ನೋಡಲಾಗಲಿಲ್ಲ, ಕೈ ಹಿಡಿದು ಬಲತುದಿಗೆ ಕರೆದುಕೊಂಡು ಹೋದೆ. ನಿಧಾನ ಕೂತು ಬೆನ್ನು ಕೊಟ್ಟರು, ಕಣ್ಣು ಮುಚ್ಚಿದರು. ಕಾವಲಿನವನು ಬಂದ. "ಅಜ್ಜ, ಒರಗಬಾರದು. ಹಳೇ ಕಾಲದ್ದು" ಅಂದ. ಚಾಚಾ ಎದ್ದು ನಿಂತು ಬಟ್ಟೆ ಕೊಡವಿಕೊಂಡರು.

"ಬೋರ್ಡಿನಲ್ಲಿ ಏನಿದೆ, ಓದಿ" ಅಂದರು. ಅವರಿಗೆ ಇಂಗ್ಲಿಷ್ ಬಾರದು. ಶಿರಸಿ ಪೇಟೆ, ಅವರ ಮನೆತನ, ನನ್ನ ಅಜ್ಜ, ಎಲ್ಲ ಬಾಯಿಗೆ ಬಂದಿತ್ತು. ಓದಿಬಿಟ್ಟಿದ್ದರೆ ಖುಷಿಯಾಗಿ ಬಸ್ಸು ಹತ್ತುತ್ತಿದ್ದರು. ನಾಲಿಗೆ ಏಳಲಿಲ್ಲ. ಇದ್ದದ್ದನ್ನೇ ಓದಿದೆ: ಈ ಬಂದರಿನ ಸಾಹುಕಾರರ ಮನೆ, ಈ ಊರಿನ ಬಡಗಿಗಳ ಕೆತ್ತನೆ.

ಆಮೇಲೆ ಆ ಇಂಜಿನಿಯರ್ರನ್ನು ಬಾಯಿಗೆ ಬಂದಹಾಗೆ ಬೈದೆ. ಮೋಸಗಾರ, ನಂಬಿಸಿ ಕತ್ತು ಕೊಯ್ದ, ನಮ್ಮಿಬ್ಬರಿಗೂ ಟೋಪಿ ಹಾಕಿದ ಅಂದೆ. ಚಾಚಾ ನಾನು ಸುಸ್ತಾಗುವವರೆಗೆ ತಡೆಯಲಿಲ್ಲ.

"ಅವನ ಮುಖವನ್ನೂ ನಾನು ನೋಡಿಲ್ಲ ಆಚಾರ್ರೆ," ಅಂದರು. "ನಾನು ಕೊಟ್ಟದ್ದು ನಿಮಗೆ."