ಪೂವಪ್ಪಣ್ಣ ಅಮೆರಿಕಕ್ಕೆ ಸಾಲ ಕೊಟ್ಟದ್ದು

ಕುದ್ರೋಳಿಯ ಪೂವಪ್ಪಣ್ಣನಿಗೆ ದೇವರು ಎಲ್ಲವನ್ನೂ ಕೊಟ್ಟಿದ್ದ. ನಾಲಿಗೆಯ ಮೇಲೆ ‘ಇಲ್ಲ’ ಎಂಬ ಒಂದು ಶಬ್ದ ಇಡುವುದನ್ನು ಮಾತ್ರ ಮರೆತುಬಿಟ್ಟಿದ್ದ. ಮೂವತ್ತು ವರ್ಷ ಪರ್ಸೀನ್ ಎಂಬ ದೊಡ್ಡ ಬಲೆಯ ಬೋಟಿನಲ್ಲಿ ಕಡಲಿಗೆ ಹೋದ ಮನುಷ್ಯ, ತೂಫಾನಿಗೆ ಹೆದರಿದವರಲ್ಲ. ಒಮ್ಮೆ ಮಲ್ಪೆಯ ಆಚೆ ಬೋಟಿಗಿಂತ ದೊಡ್ಡ ತಿಮಿಂಗಿಲವೊಂದು ಅಡ್ಡ ಬಂದಾಗ ಅದರ ಕಣ್ಣಲ್ಲಿ ಕಣ್ಣಿಟ್ಟು “ಸ್ವಲ್ಪ ಆಚೆ ಹೋಗು ಮಾರಾಯ” ಎಂದು ದಾರಿ ಬಿಡಿಸಿಕೊಂಡಿದ್ದರಂತೆ. ಬಂದರಿನ ದಕ್ಕೆಯಲ್ಲಿ ಬೋಟು ಕಟ್ಟುವವರು ಹೇಳುವ ತಿಮಿಂಗಿಲ ಇದಕ್ಕಿಂತ ಉದ್ದ. ನಾನು ಬಾಲ ಕತ್ತರಿಸಿ ಬರೆದಿದ್ದೇನೆ. ಆದರೆ ಅದೇ ತಿಮಿಂಗಿಲ ಐನೂರು ರೂಪಾಯಿ ಕೈಸಾಲ ಕೇಳಿದ್ದರೆ ಪೂವಪ್ಪಣ್ಣ ಒದ್ದೆ ಕಿಸೆಯಿಂದ ತೆಗೆದು ಕೊಟ್ಟು, “ಅವಸರ ಇಲ್ಲ” ಎನ್ನುತ್ತಿದ್ದರು.

ಕೊಡುವುದು ಅವರ ರೋಗದ ಅರ್ಧ ಭಾಗ. ಕೊಟ್ಟದ್ದನ್ನು ಕೇಳಲಾಗದಿರುವುದು ಇನ್ನರ್ಧ. ಸಾಲ ತಕ್ಕೊಂಡವನು ದಾರಿಯಲ್ಲಿ ಕಂಡರೆ ಪೂವಪ್ಪಣ್ಣನೇ ಓಣಿಗೆ ನುಗ್ಗಿ ತಪ್ಪಿಸಿಕೊಳ್ಳುತ್ತಿದ್ದರು, ಪಾಪ, ಮುಖ ನೋಡಿದರೆ ಅವನಿಗೆ ಮುಜುಗರವಾದೀತು ಎಂದು. ಬರಬರುತ್ತಾ ಸಾಲಗಾರರ ಸಂಖ್ಯೆ ಎಷ್ಟು ಬೆಳೆಯಿತೆಂದರೆ, ಮನೆಯಿಂದ ಕೂಗಿದರೆ ಕೇಳುವ ಬಂದರಿಗೆ ಅವರು ಬಿಜೈ ಸುತ್ತಿ ಹೋಗಬೇಕಾಯಿತು.

ಈ ಸಾಲಗಾರರಲ್ಲಿ ಇಬ್ಬರು ಹಿರಿಯರು. ಒಬ್ಬ ರಿಕ್ಷಾದ ಲೋಕನಾಥ. ಅವನ ರಿಕ್ಷಾ ಓಡುವುದು ಪೆಟ್ರೋಲಿನಲ್ಲಲ್ಲ, ಪೂವಪ್ಪಣ್ಣನಲ್ಲಿ ಎಂದು ಸ್ಟ್ಯಾಂಡಿನವರೇ ಹೇಳುತ್ತಿದ್ದರು. ಇನ್ನೊಬ್ಬ ವಾಲ್ಟರ್, ಮದುವೆಗಳಿಗೆ ಬ್ಯಾಂಡ್ ಸೆಟ್ ಒಯ್ಯುವವನು. ಅವನ ಕಹಳೆ, ಡೋಲು, ಕೆಂಪು ಕೋಟು, ಕೋಟಿನ ಗುಂಡಿ, ಎಲ್ಲವೂ ಪೂವಪ್ಪಣ್ಣನವೇ. ಶ್ವಾಸ ಮಾತ್ರ ವಾಲ್ಟರನದು.

ಪೂವಪ್ಪಣ್ಣನ ಹೆಂಡತಿ ಹರಿಣಾಕ್ಷಕ್ಕ ಈ ಧರ್ಮಛತ್ರದ ಒಳಗೆ ಸಂಸಾರ ಮಾಡಿದವರು. ಬಿಜೈಯ ರಸ್ತೆ ಬದಿಯಲ್ಲಿ, ನೆಲದ ಮೇಲೆ ಗೋಣಿ ಹಾಸಿ, ಕಾಲು ಮಡಚಿ ಕುಳಿತು ಬಂಗುಡೆ ಬೂತಾಯಿ ಮೀನು ಮಾರಿ ಮಾರಿ ಅವರ ಮೊಣಕಾಲು ಎರಡೂ ಹೋಗಿದ್ದವು. ಸಂಜೆ ಬುಟ್ಟಿ ಎತ್ತಿ ಏಳುವಾಗ ಬರುವ ಶಬ್ದಕ್ಕೆ ಮೂರನೆಯ ಬೀದಿಯ ನಾಯಿಗಳು ಎದ್ದು ಕೂರುತ್ತಿದ್ದವು. ಅತ್ತಾವರದ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, “ಇನ್ನು ನೆಲದಲ್ಲಿ ಕೂತ್ರೆ ಎದ್ದೇಳ್ಲಿಕ್ಕಿಲ್ಲ ಅಮ್ಮ” ಎಂದಿದ್ದರು. ಹರಿಣಾಕ್ಷಕ್ಕನಿಗೆ ಬೇಕಾದದ್ದು ಮೂರೇ: ಮೇಲೊಂದು ಮಾಡು, ಒಳಗೊಂದು ನೀರಿನ ನಳ್ಳಿ, ಕೂರಲು ಒಂದು ಕುರ್ಚಿ. ಅಂದರೆ ಒಂದು ಅಂಗಡಿ.

ಕಳೆದ ವರ್ಷ ಪೂವಪ್ಪಣ್ಣ ಬೋಟಿನಲ್ಲಿದ್ದ ತಮ್ಮ ಪಾಲು ಮಾರಿ ದಡಕ್ಕೆ ಬಂದರು. ಹಣ ಬ್ಯಾಂಕು ಮುಟ್ಟುವ ಮೊದಲೇ ಸುದ್ದಿ ಕುದ್ರೋಳಿ ಮುಟ್ಟಿತು. ಮರುದಿನ ಮನೆಯ ಜಗಲಿಯಲ್ಲಿ, ಸಾಲ ಕೇಳಲು ಬಂದವರು ತಂದ ಬಾಳೆಹಣ್ಣಿನ ಗೊನೆಗಳ ರಾಶಿ ನೋಡಿ, ಇಲ್ಲಿ ಯಾರದೋ ಮದುವೆ ಎಂದು ಭಾವಿಸಿ ಇಬ್ಬರು ಅಪರಿಚಿತರು ಊಟಕ್ಕೂ ಬಂದು ಹೋದರು. ಹರಿಣಾಕ್ಷಕ್ಕ ಕೂಡಲೇ ತಮ್ಮ ಅಣ್ಣನ ಮಗ ರೋಷನನನ್ನು ಕರೆಸಿದರು. ಅವನಿಗೆ ಬಿಜೈಯಲ್ಲಿ ಜನರ ಹಣವನ್ನು ಮ್ಯೂಚುವಲ್ ಫಂಡುಗಳಿಗೆ ಹಾಕಿಸುವ ಕೆಲಸ.

“ಯಾರು ಬಂದು ಅತ್ರೂ ಕೊಡ್ಲಿಕ್ಕೆ ಆಗದ ಕಡೆ ಇಡು ರೋಷನ್,” ಎಂದರು ಹರಿಣಾಕ್ಷಕ್ಕ. “ಬ್ಯಾಂಕಿನಲ್ಲಿ ಇಟ್ರೆ ಇವರು ಎಟಿಎಮ್ಮಿಗೆ ಓಡ್ತಾರೆ. ಚಿನ್ನ ಮಾಡಿಸಿದ್ರೆ ಅಡವು ಇಟ್ಟು ಕೊಡ್ತಾರೆ. ಜಾಗ ತಕ್ಕೊಂಡ್ರೆ ಪಕ್ಕದವನಿಗೆ ಬೇಲಿ ಒಳಗೆ ಹಾಕ್ಲಿಕ್ಕೆ ಹೇಳ್ತಾರೆ.”

ರೋಷನ್ ತಲೆ ಕೆರೆದುಕೊಂಡ. “ಹಾಗಾದ್ರೆ ಅತ್ತೆ, ನಾವೇ ಮೊದಲು ಯಾರಿಗಾದ್ರೂ ಸಾಲ ಕೊಟ್ಟು ಬಿಡುವ. ದೊಡ್ಡವರಿಗೆ. ಅಮೆರಿಕ ಸರ್ಕಾರದ ಸಾಲಪತ್ರ ತಕ್ಕೊಳ್ಳುವ ಫಂಡು ಉಂಟು.”

ಪೂವಪ್ಪಣ್ಣ ಕುರ್ಚಿಯಿಂದ ಎದ್ದೇ ಬಿಟ್ಟರು. “ಅಮೆರಿಕಕ್ಕೆ ಸಾಲವಾ? ಅವರಿಗೆ ಎಂತ ಆಯ್ತು ಪಾಪ?”

“ಎಂತದೂ ಆಗ್ಲಿಲ್ಲ ಮಾವ. ಅವರು ಯಾವಾಗ್ಲೂ ಸಾಲದಲ್ಲೇ ಇರುವುದು. ಶ್ರೀಮಂತರಲ್ವಾ.”

“ಬೇರೆ ಯಾರೆಲ್ಲ ಕೊಟ್ಟಿದ್ದಾರೆ?”

“ಹೊರಗಿನವರಲ್ಲಿ ಜಪಾನಿನವರದ್ದೇ ದೊಡ್ಡದು. ಮತ್ತೆ ಇಂಗ್ಲೆಂಡು, ಚೀನಾ. ನಮ್ಮ ರಿಸರ್ವ್ ಬ್ಯಾಂಕಿನದ್ದೂ ಉಂಟು. ಉಳಿದದ್ದು ಹೆಚ್ಚಿನದು ಅವರದ್ದೇ ಜನ, ಬ್ಯಾಂಕು, ಮುದುಕರ ಪೆನ್ಶನ್ ಫಂಡು.”

“ಜಪಾನಿನವರತ್ರ ಅಷ್ಟು ಉಂಟಾ?”

“ಅವರಿಗೂ ಸಾಲ ಉಂಟು ಮಾವ. ದುಡಿಮೆ ಲೆಕ್ಕ ಹಾಕಿದ್ರೆ ಅಮೆರಿಕಕ್ಕಿಂತಲೂ ಜಾಸ್ತಿ.”

ಪೂವಪ್ಪಣ್ಣ ಬೆರಳು ಮಡಚಿ ಲೆಕ್ಕ ಹಾಕಿದರು. “ಹಾಗಾದ್ರೆ ಎಲ್ಲರೂ ಎಲ್ಲರಿಗೂ ಕೊಡ್ಲಿಕ್ಕೆ ಉಂಟು. ಎಲ್ಲರೂ ಒಟ್ಟಿಗೆ ಕೇಳ್ಬಾರ್ದು, ಅಷ್ಟೆ.”

“ಮೆಲ್ಲ ಹೇಳಿ ಮಾವ,” ಎಂದ ರೋಷನ್, ಕಿಟಕಿಯ ಕಡೆ ನೋಡುತ್ತಾ. “ಮಾರ್ಕೆಟ್ ಬೀಳ್ತದೆ.”

ಹೀಗೆ ಹನ್ನೆರಡು ಲಕ್ಷ ರೂಪಾಯಿ ಅಮೆರಿಕಕ್ಕೆ ಹೋಯಿತು. ಮೊದಲ ವಾರ ಪೂವಪ್ಪಣ್ಣ ಎದೆ ಉಬ್ಬಿಸಿ ನಡೆದರು. ಸಾಲ ಕೇಳಲು ಬಂದವರಿಗೆ ಅವರು ಇಲ್ಲ ಎನ್ನಲಿಲ್ಲ. “ಅಮೆರಿಕದವರು ತಕ್ಕೊಂಡು ಹೋದ್ರಲ್ಲ” ಎಂದರು. ಬಂದವರು ಬಾಳೆಗೊನೆ ಹೊತ್ತು ಹಾಗೆಯೇ ಮರಳಿದರು. ಕುದ್ರೋಳಿಗೆ ಇದು ಸಹಿಸಲಾಗದ ಅವಮಾನ. ಲೋಕನಾಥನಂತೂ ಮೂರು ದಿನ ರಿಕ್ಷಾ ಮೀಟರ್ ಹಾಕದೆ ಶೋಕ ಆಚರಿಸಿದ. ಅದಕ್ಕೆ ಮೊದಲೂ ಹಾಕುತ್ತಿರಲಿಲ್ಲ, ಆ ಮಾತು ಬೇರೆ.

“ಇಪ್ಪತ್ತು ವರ್ಷದಿಂದ ನಾನು ನಿಮ್ಮ ಸಾಲಗಾರ ಪೂವಪ್ಪಣ್ಣ,” ಎಂದ ಅವನು. “ನಿನ್ನೆ ಮೊನ್ನೆ ಬಂದ ಅಮೆರಿಕಕ್ಕೆ ಕೊಡುವಾಗ ನನ್ನತ್ರ ಒಂದು ಮಾತು ಕೇಳ್ಬಾರ್ದಿತ್ತಾ?”

ಆಮೇಲೆ ಅವನೂ ವಾಲ್ಟರನೂ ಸೇರಿ ಅಮೆರಿಕದ ವಿಚಾರಣೆಗೆ ಇಳಿದರು. ಮೊಬೈಲಿನಲ್ಲಿ ಓದಿದರು, ವಿಡಿಯೋ ನೋಡಿದರು. ಸಾಲದ ವಿಷಯದಲ್ಲಿ ಇಬ್ಬರೂ ಪಂಡಿತರು. ದೆಹಲಿಯ ದೊಡ್ಡ ಅರ್ಥಶಾಸ್ತ್ರಿಗಳಿಗೆ ಓದಿ ತಿಳಿಯುವುದು ಇವರಿಗೆ ಮೈಯಲ್ಲೇ ಇತ್ತು. ಒಂದು ಭಾನುವಾರ ಮುಖ ಗಂಭೀರ ಮಾಡಿಕೊಂಡು ಪೂವಪ್ಪಣ್ಣನ ಜಗಲಿಗೆ ಬಂದರು.

“ನಿಮ್ಮ ಒಳ್ಳೇದಕ್ಕೆ ಹೇಳುವುದು,” ಎಂದು ಲೋಕನಾಥ ಶುರು ಮಾಡಿದ. “ಆ ಜನ ಸರಿ ಇಲ್ಲ. ಹೊಸ ಸಾಲ ಎತ್ತಿ ಹಳೇ ಸಾಲ ತೀರಿಸ್ತಾರಂತೆ.”

“ಅದು ನಾನೂ ಮಾಡ್ತೇನೆ,” ಎಂದ ವಾಲ್ಟರ್. “ಆದ್ರೆ ನಾನು ಬರೇ ಎರಡು ಸೊಸೈಟಿಯಲ್ಲಿ.”

“ಮತ್ತೆ ಕೇಳಿ. ಇಷ್ಟಕ್ಕಿಂತ ಹೆಚ್ಚು ಸಾಲ ಮಾಡುವುದಿಲ್ಲ ಅಂತ ಅವರೇ ಒಂದು ಗೆರೆ ಎಳೀತಾರಂತೆ. ಸಾಲ ಗೆರೆಗೆ ಮುಟ್ಟಿದ ಕೂಡ್ಲೇ ಗೆರೆಯನ್ನೇ ಎತ್ತಿ ಮೇಲೆ ಇಡ್ತಾರಂತೆ!”

ವಾಲ್ಟರ್ ಕಣ್ಣರಳಿಸಿದ. “ಇಷ್ಟು ವರ್ಷ ಆಯ್ತು, ಇದು ನಮಗೆ ಹೊಳೀಲೇ ಇಲ್ಲ ನೋಡು.”

“ಪೂವಪ್ಪಣ್ಣ,” ಎಂದು ಲೋಕನಾಥ ಅವರ ಕೈ ಹಿಡಿದ, “ಅವರು ನಮ್ಮಂಥವರೇ. ಹುಷಾರು ಮಾರಾಯ್ರೆ.”

ಹೆದರಿಸಲು ಹೇಳಿದ ಮಾತು ತಿರುಗಿ ಬಿದ್ದಿತು. ಅಲ್ಲಿಯವರೆಗೆ ಪೂವಪ್ಪಣ್ಣನಿಗೆ ಅಮೆರಿಕ ಎಂದರೆ ಎತ್ತರದ ಕಟ್ಟಡ, ಕಪ್ಪು ಕನ್ನಡಕ. ಈಗ ಅದು ತಮ್ಮದೇ ಓಣಿಯ, ಸ್ವಲ್ಪ ದಾರಿ ತಪ್ಪಿದ, ಒಳ್ಳೆಯ ಮನಸ್ಸಿನ ಹುಡುಗನ ಹಾಗೆ ಕಂಡಿತು. ಟಿವಿಯಲ್ಲಿ ಅಮೆರಿಕದ ಸುದ್ದಿ ಬಂದರೆ, “ಸ್ವಲ್ಪ ಸಪೂರ ಆಗಿದ್ದಾರಾ ಅಂತ” ಎಂದು ಹತ್ತಿರ ಹೋಗಿ ನೋಡತೊಡಗಿದರು.

ಅಷ್ಟರಲ್ಲಿ ಹರಿಣಾಕ್ಷಕ್ಕನಿಗೆ ಅಂಗಡಿ ಸಿಕ್ಕಿತು. ಬಿಜೈಯಲ್ಲಿ ಅಬೂಬಕ್ಕರ್ ಸಾಹೇಬರ ಕೋಣೆಯೊಂದು ಖಾಲಿಯಾಗಿತ್ತು. ಮಾಡು, ನಳ್ಳಿ, ಕುರ್ಚಿ ಇಡುವಷ್ಟು ಜಾಗ, ಎಲ್ಲ ಸಮ. ಮುಂಗಡ ಐದು ಲಕ್ಷ.

“ಮೊಬೈಲ್ ಅಂಗಡಿಯವನು ಜಾಸ್ತಿ ಕೊಡ್ತಾನೆ ಹರಿಣಾಕ್ಷಕ್ಕ,” ಎಂದರು ಅಬೂಬಕ್ಕರ್. “ಆದ್ರೆ ನಿಮ್ಮತ್ರ ಮೀನು ತಕ್ಕೊಂಡೇ ನಮ್ಮ ಮಕ್ಕಳು ಬೆಳೆದದ್ದು. ಈ ತಿಂಗಳ ಕೊನೆವರೆಗೆ ಇಡ್ತೇನೆ. ಅದರ ಮೇಲೆ ನನ್ನನ್ನು ಬೈಯ್ಬೇಡಿ.”

ಅದು ಅಕ್ಟೋಬರ್ ತಿಂಗಳು. ಅದೇ ತಿಂಗಳ ಒಂದನೇ ತಾರೀಕಿನಿಂದ ಅಮೆರಿಕ ಸರ್ಕಾರದ ಕಚೇರಿಗಳು ಬಾಗಿಲು ಹಾಕಿದ್ದವು. ಖರ್ಚಿಗೆ ಅಲ್ಲಿಯ ಸಂಸತ್ತು ಒಪ್ಪಿಗೆ ಕೊಟ್ಟಿರಲಿಲ್ಲ. ನೌಕರರಿಗೆ ಸಂಬಳ ಇಲ್ಲ, ವಿಮಾನ ನಿಲ್ದಾಣದವರು ಬರಿಗೈಯಲ್ಲಿ ಕೆಲಸ ಮಾಡುತ್ತಿದ್ದಾರೆ ಎಂದು ಟಿವಿ ಹೇಳುತ್ತಿತ್ತು. ಪೂವಪ್ಪಣ್ಣ ಆ ಸುದ್ದಿಯ ಎದುರು, ಆಸ್ಪತ್ರೆಯಲ್ಲಿ ನಂಟರ ಮಂಚದ ಪಕ್ಕ ಕೂತವರ ಹಾಗೆ, ಕೈ ಕಟ್ಟಿ ಕೂತಿದ್ದರು. ರೋಷನ್ ಬಂದು ಲ್ಯಾಪ್‌ಟಾಪ್ ತೆರೆದ; ಫಂಡಿನ ಹಣ ಹಿಂದೆ ಪಡೆಯಲು ಒತ್ತಬೇಕಾದದ್ದನ್ನೆಲ್ಲ ಒತ್ತಿದ. ಒಟಿಪಿ ಪೂವಪ್ಪಣ್ಣನ ಫೋನಿಗೆ ಬಂತು.

“ನಂಬ್ರ ಹೇಳಿ ಮಾವ.”

“ಈಗ ಬೇಡ ರೋಷನ್.”

“ಎಂತಕ್ಕೆ?”

“ಅವರ ಆಫೀಸಿಗೇ ಬೀಗ ಬಿದ್ದಿದೆ. ಈ ಹೊತ್ತಲ್ಲಿ ಹೋಗಿ ಹಣ ಕೊಡಿ ಅಂದ್ರೆ ಅವರಿಗೆ ಹೇಗಾಗ್ಲಿಕ್ಕಿಲ್ಲ?”

“ಮಾವ, ಅಮೆರಿಕಕ್ಕೆ ನೀವು ಯಾರು ಅಂತಲೇ ಗೊತ್ತಿಲ್ಲ!”

“ಅದಕ್ಕೇ ಹೇಳುವುದು. ಮೊದಲ ಸಲ ಗೊತ್ತಾಗುವುದು ಹೀಗೆ ಬೇಡ.”

ರೋಷನ್ ತಾಳ್ಮೆಯಿಂದ ಬಿಡಿಸಿ ಹೇಳಿದ: ಅಮೆರಿಕದ ಬಾಗಿಲಿಗೆ ಯಾರೂ ಹೋಗುವುದಿಲ್ಲ, ಫಂಡಿನವರು ಆ ಸಾಲಪತ್ರವನ್ನು ಸಂತೆಯಲ್ಲಿ ಬೇರೆಯವರಿಗೆ ಮಾರಿ ಹಣ ಕೊಡುತ್ತಾರೆ, ಅಷ್ಟೆ. ಪೂವಪ್ಪಣ್ಣನ ಮುಖ ಬಿಳುಚಿತು.

“ನಂಬಿದ ಸಾಲಗಾರನನ್ನು ಸಂತೆಯಲ್ಲಿ ಮಾರುವುದಾ? ಇಷ್ಟು ವರ್ಷದಲ್ಲಿ ಲೋಕನಾಥನನ್ನು ನಾನು ಯಾರಿಗಾದ್ರೂ ಮಾರಿದ್ದೇನಾ?”

“ಅವನನ್ನು ಯಾರು ತಕ್ಕೊಳ್ತಾರೆ!” ಎಂದು ಒಳಗಿನಿಂದ ಹರಿಣಾಕ್ಷಕ್ಕನ ಧ್ವನಿ ಬಂತು.

ಐದು ನಿಮಿಷ ಕಳೆದು ಆ ಒಟಿಪಿ ಸತ್ತಿತು. ಮರುದಿನ ಇನ್ನೊಂದು ಬಂತು, ಅದೂ ಸತ್ತಿತು. ಹರಿಣಾಕ್ಷಕ್ಕ ಬೊಬ್ಬೆ ಹಾಕಿದರು, ಮಾತು ಬಿಟ್ಟರು, ಕೊನೆಗೆ ಒಂದು ವಾರ ಮನೆಯಲ್ಲಿ ಮೀನು ಬೇಯಿಸುವುದನ್ನೇ ನಿಲ್ಲಿಸಿದರು. ಮೀನು ಹಿಡಿಯುವ ಮೊಗವೀರರ ಮನೆಯಲ್ಲಿ ಒಂದು ವಾರ ಸೌತೆಕಾಯಿ ಸಾರು! ಬೆಕ್ಕು ಮನೆ ಬಿಟ್ಟು ಹೋಯಿತು. ಪೂವಪ್ಪಣ್ಣ ಜಗ್ಗಲಿಲ್ಲ. ಈಗ ಅವರ ಬೆಂಬಲಕ್ಕೆ ಲೋಕನಾಥನೂ ಬಂದಿದ್ದ. “ಪೂವಪ್ಪಣ್ಣ ಹೇಳುವುದು ಸರಿ. ಕಷ್ಟದಲ್ಲಿದ್ದವರತ್ರ ಹಣ ಕೇಳ್ಬಾರ್ದು,” ಎಂದು ರಿಕ್ಷಾ ಸ್ಟ್ಯಾಂಡಿನಲ್ಲಿ ಅವನು ಮಾಡಿದ ಭಾಷಣ ಕೇಳಿದ್ದರೆ ವಾಷಿಂಗ್ಟನ್‌ನವರು ಅವನಿಗೆ ಮಂತ್ರಿ ಪದವಿ ಕೊಡುತ್ತಿದ್ದರು.

ದೀಪಾವಳಿ ಕಳೆದ ಮರುದಿನ ಬೆಳಿಗ್ಗೆ ಹರಿಣಾಕ್ಷಕ್ಕ ಒಳ್ಳೆಯ ಸೀರೆ ಉಟ್ಟು ಹಿತ್ತಿಲ ಬಾಗಿಲಿನಿಂದ ಹೊರಗೆ ಹೋದರು. ಮನೆಗೆ ಒಂದು ಸುತ್ತು ಬಂದು, ಎದುರಿನ ಮೆಟ್ಟಿಲಲ್ಲಿ ಚಪ್ಪಲಿ ಬಿಟ್ಟು, ಸಾಲ ಕೇಳುವವರು ಕೂರುವ ಬೆಂಚಿನ ತುದಿಯಲ್ಲಿ, ಅವರು ಕೂರುವ ಹಾಗೆಯೇ ಅರ್ಧ ಕೂತರು.

“ಪೂವಪ್ಪಣ್ಣ ಇದ್ದಾರಾ?”

ಪೇಪರ್ ಓದುತ್ತಿದ್ದ ಪೂವಪ್ಪಣ್ಣ ತಲೆ ಎತ್ತಿದರು. “ಮಂಡೆ ಸಮ ಉಂಟಾ ನಿಂಗೆ?”

“ಆರೋಗ್ಯ ಹೇಗುಂಟು ಪೂವಪ್ಪಣ್ಣ? ಬಿಪಿ ಎಲ್ಲ?” ಹರಿಣಾಕ್ಷಕ್ಕ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡರು. “ಈ ಸಲ ಬಂಗುಡೆಯೂ ಕಡಿಮೆ ಅಲ್ವಾ. ಎಲ್ಲರಿಗೂ ಕಷ್ಟವೇ.”

“ಏಳು ಮಾರಾಯ್ತಿ, ಯಾರಾದ್ರೂ ನೋಡಿದ್ರೆ…”

“ಹೇಳ್ಲಿಕ್ಕೆ ನಾಚಿಕೆ ಆಗ್ತದೆ. ಬೇರೆ ಯಾರತ್ರವೂ ಕೇಳುವ ಹಾಗಿಲ್ಲ, ನೀವೇ ಅಂತ ಬಂದೆ.”

ಇಲ್ಲಿಯವರೆಗೆ ಅದು ನಾಟಕ. ಲೋಕನಾಥನ ದನಿ, ವಾಲ್ಟರನ ಕತ್ತು ಓರೆ ಮಾಡುವ ರೀತಿ, ಎಲ್ಲ ಇತ್ತು. ಪೂವಪ್ಪಣ್ಣನಿಗೆ ನಗುವೂ ಬರುತ್ತಿತ್ತು. ಆದರೆ ಹರಿಣಾಕ್ಷಕ್ಕ ಬೆರಳಿಗೆ ಸುತ್ತಿದ್ದ ಸೆರಗು ಬಿಟ್ಟರು. ಎರಡೂ ಅಂಗೈಗಳನ್ನು ಮೊಣಕಾಲುಗಳ ಮೇಲಿಟ್ಟು ಒತ್ತಿಕೊಂಡರು.

“ನಿಮ್ಮತ್ರ ನಾನು ಒಂದು ಸಲವೂ ಎಂತದೂ ಕೇಳ್ಲಿಲ್ಲ ಅಲ್ವಾ,” ಎಂದರು. “ಇನ್ನು ಆ ನೆಲದಿಂದ ಏಳ್ಲಿಕ್ಕೆ ಆಗುದಿಲ್ಲ ಇವರೇ.”

ಪೂವಪ್ಪಣ್ಣ ಪೇಪರ್ ಮಡಚಿದರು. ಮತ್ತೆ ಬಿಡಿಸಿ ಮತ್ತೆ ಮಡಚಿದರು. ಊರಿನವರ ಕಷ್ಟವನ್ನೆಲ್ಲ ಬೆಂಚಿನ ಮೇಲೆ ನೋಡಿದ್ದ ಕಣ್ಣಿಗೆ, ಮನೆಯ ಒಳಗೇ ಓಡಾಡಿಕೊಂಡಿದ್ದ ಈ ಕಷ್ಟ ಬೆಂಚಿಗೆ ಬಂದು ಕೂತ ಮೇಲೆಯೇ ಕಂಡಿತು.

“ಐದು ಸಾಕಾ?” ಎಂದರು. “ಕುರ್ಚಿ ಒಳ್ಳೇದು ಬೇಕಲ್ಲ. ಐಸ್ ಪೆಟ್ಟಿಗೆ ಬೇಡ್ವಾ?”

ರೋಷನನಿಗೆ ಫೋನು ಮಾಡಿದವರು ಅವರೇ. ಒಟಿಪಿಯ ಒಂದೊಂದು ಅಂಕಿಯನ್ನೂ ಸ್ಪಷ್ಟವಾಗಿ ಹೇಳಿ, ಕೊನೆಗೆ ದನಿ ತಗ್ಗಿಸಿದರು: “ಅವರತ್ರ ಸ್ವಲ್ಪ ಸಮಾಧಾನದಲ್ಲಿ ಹೇಳು ಆಯ್ತಾ? ಮನೆಯಲ್ಲಿ ಅಗತ್ಯ ಬಿತ್ತು, ಇಲ್ಲದಿದ್ರೆ ಕೇಳ್ತಿರ್ಲಿಲ್ಲ ಅಂತ.”

ತಿಂಗಳು ಮುಗಿಯಲು ಒಂದು ದಿನ ಇರುವಾಗ ಹಣ ಬಂತು. ಬಡ್ಡಿ, ಡಾಲರ್ ಏರಿದ್ದು ಎಲ್ಲ ಸೇರಿ ಕೊಟ್ಟದ್ದಕ್ಕಿಂತ ಹೆಚ್ಚೇ ಬಂದಿತ್ತು. ಕೊಟ್ಟ ಸಾಲ ಹಿಂದೆ ಬರುವುದನ್ನು ಪೂವಪ್ಪಣ್ಣ ಜೀವಮಾನದಲ್ಲಿ ಕಂಡಿರಲಿಲ್ಲ. ಬ್ಯಾಂಕಿನ ಮೆಸೇಜ್ ನೋಡಿ, ಇದೇನೋ ಮೋಸ ಎಂದು ಸೈಬರ್ ಪೊಲೀಸರಿಗೆ ಹೇಳಲು ಹೊರಟವರನ್ನು ಹರಿಣಾಕ್ಷಕ್ಕ ಅಂಗಿ ಹಿಡಿದು ನಿಲ್ಲಿಸಿ, ನೇರ ಅಬೂಬಕ್ಕರ್ ಸಾಹೇಬರ ಮನೆಗೆ ಕರೆದುಕೊಂಡು ಹೋದರು.

ಅಂಗಡಿ ಈಗ ಬಿಜೈಯಲ್ಲಿ ನಡೆಯುತ್ತಿದೆ. ಹರಿಣಾಕ್ಷಕ್ಕ ಹಣದ ಪೆಟ್ಟಿಗೆಯ ಹತ್ತಿರ ಗಂಡನನ್ನು ಸುಳಿಯಲು ಬಿಡುವುದಿಲ್ಲ. ಮೀನು ತೊಳೆಯುವುದು, ಐಸ್ ಹೊರುವುದು ಪೂವಪ್ಪಣ್ಣನ ಕೆಲಸ. ಆದರೂ ಅವರ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು. ಇಷ್ಟು ದೊಡ್ಡ ದೇಶ, ಹಣ ಕೊಡುವಾಗ ಒಂದು ಮಾತು ಆಡಲಿಲ್ಲ, ಹೇಗಿದ್ದೀರಿ ಎನ್ನಲಿಲ್ಲ, ಒಂದು ಚಾ ಕುಡಿಯುವಷ್ಟು ಹೊತ್ತು ಕೂರಲಿಲ್ಲ. “ಬೇಸರ ಮಾಡ್ಕೊಂಡ್ರೋ ಏನೋ ಮಾರಾಯ” ಎಂದು ಮೀನು ಕೊಳ್ಳಲು ಬಂದವರ ಹತ್ತಿರವೆಲ್ಲ ಹೇಳಿಕೊಳ್ಳುತ್ತಿದ್ದರು.

ನವೆಂಬರ್ ನಡುವೆ ಒಂದು ದಿನ ಅವರು ಓಡಿಕೊಂಡೇ ಅಂಗಡಿಗೆ ಬಂದರು. ಅಂಗಡಿಯ ತುಂಬ ಗಿರಾಕಿಗಳು.

“ಗೊತ್ತಾಯ್ತಾ ಹರಿಣಾಕ್ಷಿ? ಅಮೆರಿಕದವರ ಆಫೀಸು ತೆರೀತಂತೆ!”

ಹರಿಣಾಕ್ಷಕ್ಕ ಕುರ್ಚಿಯಲ್ಲಿ ಎರಡೂ ಕಾಲು ಉದ್ದಕ್ಕೆ ಚಾಚಿ ಕೂತು ಅಂಜಲ್ ಮೀನು ತೂಗುತ್ತಿದ್ದರು. ತಕ್ಕಡಿಯಿಂದ ಕಣ್ಣು ತೆಗೆಯಲಿಲ್ಲ.

“ಒಳ್ಳೇದಾಯ್ತು. ನಮ್ಮದೂ ತೆರೆದುಂಟು. ಆ ಐಸ್ ಇತ್ತ ತನ್ನಿ.”