ಹೆಂಗಸರ ಸಾಲಿನಲ್ಲಿ ಹಾಡಿದವನು

ಮೆಂಫಿಸ್‌ನ ಒಂದು ವಾರಪತ್ರಿಕೆಗೆ ಆರ್ವಿಲ್ ಟಿಸ್‌ಡೇಲ್ ಹಳೆಯ ಜಾಝ್, ಬ್ಲೂಸ್ ರೆಕಾರ್ಡುಗಳ ವಿಮರ್ಶೆ ಬರೆಯುತ್ತಿದ್ದ. ಜಾಗ ಮಿಕ್ಕರೆ ತಲೆಬುಡವಿಲ್ಲದ, ಕನಸಿನಂಥ ಸಿನಿಮಾಗಳದ್ದೂ. ಒಮ್ಮೆ ಥಿಯೇಟರಿನವರು ರೀಲುಗಳನ್ನು ಅದಲುಬದಲು ಮಾಡಿ ತೋರಿಸಿದ ಚಿತ್ರವನ್ನು ಇವನು ಬಾಯ್ತುಂಬ ಹೊಗಳಿದ್ದ, ಊರೆಲ್ಲ ನಕ್ಕಿತ್ತು. “ಕಣ್ಣು ಮೋಸ ಹೋಗಬಹುದು, ನನ್ನ ಕಿವಿ ಹೋಗಲ್ಲ” ಅಂದಿದ್ದ ಜಂಬದಿಂದ.

ಹೆಂಡತಿ ತೀರಿಕೊಂಡ ಮೇಲೆ ಅವನನ್ನು ಬದುಕಿಸಿದ್ದು ಒಂದೇ ರೆಕಾರ್ಡು. ಕ್ಲಿಯೋಟಿಸ್ ಎಂಬ, ಯಾರೂ ಕೇಳರಿಯದ ಗಾಯಕನದು. ಅಕ್ಕ ಪೊರಕೆ ಹಿಡಿದು ತನ್ನನ್ನು ಮನೆಯಿಂದ ಹೊರಗಟ್ಟಿದಳೆಂದು ಅವನೇ ಕಟ್ಟಿದ ಹಾಡು. ಆ ಭಾರವಾದ ದನಿ ದಿನವೂ ಪಕ್ಕದಲ್ಲಿ ಕೂತು ತನ್ನೊಂದಿಗೆ ಅಳುತ್ತಿದೆ ಅನ್ನಿಸುತ್ತಿತ್ತು. ‘ಬದುಕಿನ ಆಸೆ ಬಿಟ್ಟವನ ಹಾಡು’ ಎಂದು ಬರೆದ. ಅದು ಅಚ್ಚಾದ ವಾರವೇ ಕ್ಲಿಯೋಟಿಸನ ಅಕ್ಕ, ಮುದುಕಿ ವರ್ಡೆಲ್, ಕೋಲೂರಿಕೊಂಡು ಬಾಗಿಲಿಗೆ ಬಂದಳು.

“ಕುಡೀತಾನೆ ಅಂತ ನಾನೇ ಅವನನ್ನ ಆಚೆ ಹಾಕಿದ್ದೆ ಕಣಪ್ಪ. ಅದೇ ವರ್ಷ ನದೀಲಿ ಹೆಣ ಸಿಕ್ತು. ಕಾಲು ಜಾರ್ತು ಅಂದ್ರು, ನಂಬಿದ್ದೆ. ಈಗ ನೀನು ಹಿಂಗೆ ಬರ್ದಿದೀಯ. ಬ್ಲೂಸು ಸೈತಾನನ ಹಾಡು ಅಂತ ಚರ್ಚಲ್ಲಿ ಹೇಳ್ತಿದ್ರು, ಅದಕ್ಕೇ ಅವನ ಹಾಡು ಇವತ್ತಿನವರೆಗೂ ಕೇಳಿಲ್ಲ. ಹಾಕು, ಅವನಾಗೇ ನದಿಗೆ ಹಾರಿದ್ನಾ ಅಂತ ನಂಗೆ ಗೊತ್ತಾಗ್ಬೇಕು.”

ಆರ್ವಿಲ್ ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದ. ಎರಡು ಸಾಲು ಕೇಳಿ ಮುದುಕಿ ಮುಖ ಸಿಂಡರಿಸಿದಳು.

“ಯಾರೋ ಇವನು ಮುದುಕ?”

“ನಿಮ್ಮ ತಮ್ಮನೇ, ಮಿಸ್ ವರ್ಡೆಲ್.”

“ಹೋಗೋ! ಅವನ ದನಿ ಎಷ್ಟು ಸಣ್ಣ ಅಂದ್ರೆ, ಚರ್ಚಲ್ಲಿ ಹೆಂಗಸರ ಸಾಲಲ್ಲಿ ನಿಲ್ಲಿಸಿ ಹಾಡಿಸ್ತಿದ್ರು.”

ಆರ್ವಿಲ್‌ಗೆ ತನ್ನ ತಪ್ಪು ಹೊಳೆಯಿತು. ಆ ಕಾಲದ ಕಂಪನಿಗಳು ತಮಗೆ ತೋಚಿದ ವೇಗದಲ್ಲಿ ಹಾಡು ರೆಕಾರ್ಡು ಮಾಡುತ್ತಿದ್ದವು; ಅದಕ್ಕಿಂತ ನಿಧಾನಕ್ಕೆ ತಿರುಗಿಸಿದರೆ ಎಂಥ ಸಣ್ಣ ದನಿಯೂ ಭಾರವಾಗಿ ಕೇಳುತ್ತದೆ. ಬರೆಯುವ ಮುಂಚೆ ಸರಿಯಾದ ವೇಗ ಯಾವುದೆಂದು ನೋಡಬೇಕಾದದ್ದು ಅವನ ಕೆಲಸ. ಆ ದುಃಖ ಅವನಿಗೆ ಹಿಡಿಸಿಬಿಟ್ಟಿತ್ತು, ನೋಡಿರಲಿಲ್ಲ. ಈಗಲೂ ‘ಬೇರೆ ಯಾರೋ ಇರಬೇಕು’ ಅಂದಿದ್ದರೆ ಮುದುಕಿ ಎದ್ದು ಹೋಗುತ್ತಿದ್ದಳು, ಅವನ ಮಾನವೂ ಉಳಿಯುತ್ತಿತ್ತು.

ಆರ್ವಿಲ್ ಪ್ಲೇಯರಿನ ವೇಗದ ತಿರುಪನ್ನು ಮೆಲ್ಲಗೆ ಏರಿಸಿದ. ದನಿ ತೆಳುವಾಯಿತು, ಗಿಟಾರು ಕುಣಿಯತೊಡಗಿತು. ಅಳು ಅಂದುಕೊಂಡಿದ್ದ ಜಾಗದಲ್ಲೆಲ್ಲ ಹುಡುಗನೊಬ್ಬ ಬಿದ್ದುಬಿದ್ದು ನಗುತ್ತಿದ್ದ.

“ಇವನೇ! ತುಂಟ ಮುಂಡೇದು!” ವರ್ಡೆಲ್ ಕೋಲು ಕುಟ್ಟುತ್ತ ಅತ್ತಳು. “ನನ್ನ ಪೊರಕೇನೇ ಆಡ್ಕೊಂಡು ನಗ್ತಿದಾನೆ ನೋಡು. ಸಾಯೋಕೆ ಹೊರಟೋನು ಹಿಂಗೆ ನಗ್ತಾನಾ? ಮತ್ತೆ ಹಾಕಪ್ಪ.”

ಸಂಜೆಯವರೆಗೂ ಹಾಕಿದ. ಪತ್ರಿಕೆಯಲ್ಲಿ ತಪ್ಪು ತಿದ್ದುತ್ತೇನೆಂದು ಮಾತು ಕೊಟ್ಟು ಅವಳನ್ನು ಬಸ್ಸು ಹತ್ತಿಸಿ ಬಂದ.

ಆಮೇಲೆ, ಕಳ್ಳನ ಹಾಗೆ, ತಿರುಪನ್ನು ಹಳೆಯ ಜಾಗಕ್ಕೇ ಇಳಿಸಿದ. ಭಾರದ ದನಿ ಮತ್ತೆ ಬಂತು. ಆದರೆ ಅದರೊಳಗೂ ಆ ಹುಡುಗನೇ ನಗುತ್ತಿದ್ದ. ತನ್ನ ಜೊತೆ ಅಳಲು ಈ ಮನೆಯಲ್ಲಿ ಇನ್ನು ಯಾರೂ ಇಲ್ಲ ಎಂದು ಆರ್ವಿಲ್‌ಗೆ ಆಗ ಗೊತ್ತಾಯಿತು.