ಮುರುಡೇಶ್ವರಕ್ಕೆ ಒಂದು ಮಿನಿಬಸ್ಸು

ಸ್ನೇಹಿತರೇ, ನಮ್ಮ ನಿಶ್ಚಿತಾರ್ಥದ ಫೋಟೋಗಳನ್ನು ಮುರುಡೇಶ್ವರದ ಕಡಲತೀರದಲ್ಲಿ ತೆಗೆಸಬೇಕೆಂದು ನಾನೂ ನನ್ನ ಹುಡುಗ ಕಿರಣನೂ ಆಸೆಪಟ್ಟಿದ್ದೆವು. ಇವತ್ತು ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಎರಡೂ ಕಡೆಯವರು ಕೂತು ಆ ವಿಷಯ ಮಾತಾಡಿದರು.

"ತಾಳಿ ಕಟ್ಟೋಕೆ ಮುಂಚೆ ಇಬ್ಬರೇ ಅಷ್ಟು ದೂರನಾ? ಜನ ಏನಂತಾರೆ?" ಎಂದರು ಕಿರಣನ ತಾಯಿ.

"ಮಾಕಳಿದುರ್ಗದಲ್ಲೇ ತೆಗೆಸ್ಕೊಳ್ಳಿ. ಬೆಟ್ಟನೂ ಐತೆ, ಕೆಳಗೆ ಕೆರೆನೂ ಐತೆ" ಎಂದರು ನಮ್ಮಪ್ಪ.

ನನಗೆ ಅಳುವೇ ಬಂತು. ಆಗ ಅಜ್ಜಿ ಬಾಯಿ ಬಿಟ್ಟರು. "ಜೊತೇಲಿ ನಾನು ಹೋಗ್ತೀನಿ ಬಿಡ್ರಪ್ಪ. ಸಾಯೋದ್ರೊಳಗೆ ಒಂದ್ಸಲ ಸಮುದ್ರ ನೋಡ್ದಂಗಾಯ್ತದೆ."

ಎರಡೂ ಕಡೆಯವರು ಒಪ್ಪಿಬಿಟ್ಟರು. ನಾನು ಅಜ್ಜಿಯನ್ನು ತಬ್ಬಿಕೊಂಡೆ.

ಅಜ್ಜಿಯನ್ನು ನೋಡಿಕೊಳ್ಳಲು ಅಮ್ಮ ಹೊರಟರು. ಬೀಗರೇ ಹೊರಟ ಮೇಲೆ ತಾವು ಉಳಿಯುವುದು ಚೆನ್ನಾಗಿರುವುದಿಲ್ಲವೆಂದು ಕಿರಣನ ಮನೆಯವರೂ ಹೊರಟರು. ಸೋದರತ್ತೆಯರು ದೇವರ ದರ್ಶನಕ್ಕೆಂದು ಸೇರಿಕೊಂಡರು. ಸಂಜೆ ಚಿಕ್ಕಪ್ಪ ಮಿನಿಬಸ್ಸು ಗೊತ್ತುಮಾಡಿದರು. ಅದೂ ತುಂಬಿತು.

"ಫೋಟೋಗ್ರಾಫರ್ ಎಲ್ಲಿ ಕೂತ್ಕೋತಾರೆ ಚಿಕ್ಕಪ್ಪ?" ಎಂದು ಕೇಳಿದೆ.

"ಅವ್ರ್ಯಾಕಮ್ಮ ಬೇಕು? ನನ್ನ ಮೊಬೈಲೈತಲ್ಲ."

ಸದ್ಯ, ಕಿರಣನಿಗೆ ಸೀಟು ಸಿಕ್ಕಿದೆ. ಕೊನೆಯ ಸಾಲಿನಲ್ಲಿ, ಅವರಪ್ಪನ ಪಕ್ಕ. ನನ್ನದು ಮುಂದೆ, ಅಜ್ಜಿಯ ಪಕ್ಕ. ಕಿಟಕಿ ಅಜ್ಜಿಗೆ.